ಮಳೆ ಬಂದರೆ ಸುಮ್ಮನಾಗುವ ಕಾರು

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ. ಮುಖ್ಯರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಕಾರು ಸಣ್ಣ ಹ್ಯಾಚ್‌ಬ್ಯಾಕ್, 9 ವರ್ಷ ಹಳೆಯದು, 82,000 ಕಿ.ಮೀ. ಓಡಿದೆ. ಹಂಪ್ ಹತ್ತಿ ಇಳಿಯುವಾಗ, ಅಂಗಳದಿಂದ ದಾರಿಗೆ ಓರೆಯಾಗಿ ಇಳಿಸುವಾಗ ಮುಂದಿನ ಎಡಗಡೆಯಿಂದ ಹಳೇ ಬಾಗಿಲು ತೆಗೆದ ಹಾಗೆ ‘ಕಿರ್‌ರ್’ ಅನ್ನುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಸದ್ದಿಲ್ಲ. ಜೋರು ಮಳೆಯಲ್ಲಿ ಹೋದರೆ ಪೂರ್ತಿ ನಿಲ್ಲುತ್ತದೆ, ಮರುದಿನ ಬಿಸಿಲು ಬಿದ್ದರೆ ಮತ್ತೆ ಶುರು. ಒಬ್ಬರು ಮೆಕ್ಯಾನಿಕ್ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರು. ಹತ್ತು ದಿನ ಚೆನ್ನಾಗಿತ್ತು, ಈಗ ಮೊದಲಿಗಿಂತ ಜಾಸ್ತಿ. ಸರ್ವಿಸ್ ಸೆಂಟರಿನವರು ಎರಡೂ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಸೇರಿಸುವ ತೋಳು) ಬದಲಿಸಬೇಕು ಎಂದರು. ಅಪ್ಪ ತೆಂಗಿನೆಣ್ಣೆ ಬಿಡು ಅನ್ನುತ್ತಾರೆ. ಉದ್ದ ನಳಿಗೆಯ ಸ್ಪ್ರೇಯಿಂದ ನಾನೇ ಎಣ್ಣೆ ಮುಟ್ಟಿಸಬಹುದೇ? ಯಾವ ಎಣ್ಣೆ? ಹೀಗೇ ಓಡಿಸಿದರೆ ಅಪಾಯ ಇದೆಯೇ?

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಳೆಗೆ ನಿಲ್ಲುತ್ತದೆ, ಬಿಸಿಲಿಗೆ ಏಳುತ್ತದೆ ಎಂದು ಬರೆದಿದ್ದೀರಲ್ಲ, ಆ ಸಾಲು. ಇನ್ನೊಂದು ಕಾಲು ಭಾಗ, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಸದ್ದಿಲ್ಲ ಎಂಬುದು. ನನ್ನ ಗ್ಯಾರೇಜಿಗೆ ಬರುವವರು ತುಳು, ಮಲಯಾಳ, ಬ್ಯಾರಿ, ಮರಾಠಿ, ಕನ್ನಡ ಹೀಗೆ ಎಲ್ಲ ಭಾಷೆಯಲ್ಲೂ ಕಾರಿನ ಸದ್ದು ವಿವರಿಸುತ್ತಾರೆ. ನನಗೆ ಬೇಕಾದದ್ದು ಎರಡೇ: ಬಾಯಲ್ಲಿ ಸದ್ದು ಮಾಡಿ ತೋರಿಸಬೇಕು, ಯಾವಾಗ ಬರುತ್ತದೆ ಎಂದು ಹೇಳಬೇಕು. ನೀವು ಎರಡನ್ನೂ ಮಾಡಿದ್ದೀರಿ.

‘ಕಿರ್‌ರ್’ ಎಂಬ ಸದ್ದು ಹುಟ್ಟುವುದು ಹೇಗೆ? ಎರಡು ಮೈಗಳು ಒಂದರ ಮೇಲೊಂದು ನುಣ್ಣಗೆ ಜಾರದೆ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೋಗುತ್ತವೆ. ಸೆಕೆಂಡಿಗೆ ನೂರಾರು ಸಲ. ರಬ್ಬರ್ ಚಪ್ಪಲಿ ಕಾವಿ ನೆಲದ ಮೇಲೆ ‘ಕೀಂಯ್’ ಅನ್ನುವುದೂ ಅದೇ, ಬಾವಿಯ ರಾಟೆ ಕೂಗುವುದೂ ಅದೇ. ನಡುವೆ ಜಾರುವ ಪದರ ಒಂದು ಬಂದರೆ ಹಿಡಿತ ತಪ್ಪುತ್ತದೆ, ಸದ್ದು ನಿಲ್ಲುತ್ತದೆ. ನಿಮ್ಮ ಕಾರಿನಲ್ಲಿ ಮಳೆನೀರು ಆ ಪದರವಾಗಿದೆ. ನೀರು ಇಷ್ಟು ಚೆನ್ನಾಗಿ ಜಾರಿಸುವುದು ಸಾಮಾನ್ಯವಾಗಿ ರಬ್ಬರ್ ಇರುವ ಕಡೆ. ಅಂದರೆ ಕೂಗುತ್ತಿರುವುದು ಹೆಚ್ಚಾಗಿ ಯಾವುದೋ ರಬ್ಬರ್ ಬುಷ್, ಕಬ್ಬಿಣದ ಭಾಗಗಳು ಸೇರುವಲ್ಲಿ ನಡುವೆ ಕೂರಿಸುವ ರಬ್ಬರ್ ತುಂಡು. ಅದೂ ಹೊರಗೆ ತೆರೆದಿರುವ, ಚಕ್ರದ ನೀರು ಎರಚುವ ಜಾಗದ್ದು.

ಅಪ್ಪ ಹೇಳಿದ್ದರಲ್ಲಿ ತರ್ಕ ಇಲ್ಲವೆಂದಲ್ಲ. ಅವರು ಜೀವಮಾನವಿಡೀ ಬಾವಿಯ ರಾಟೆ ಸುಮ್ಮನಾಗಿಸಿದ್ದು ತೆಂಗಿನೆಣ್ಣೆಯಿಂದಲೇ ಇರಬೇಕು. ಆದರೆ ಅಲ್ಲಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತದೆ, ಮೇಲೆ ಸೂರು ಇದೆ, ಕೆಂಪು ಧೂಳು ಎರಚುವ ಚಕ್ರ ಪಕ್ಕದಲ್ಲಿಲ್ಲ. ಕಾರಿನಡಿ ತೆಂಗಿನೆಣ್ಣೆ ಬಿಟ್ಟರೆ ಮೊದಲ ವಾರ ಖುಷಿ. ಆಮೇಲೆ ಧೂಳು ಕೂಡಿ ಹಿಟ್ಟಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದು ನಿಮಗೂ ಗೊತ್ತು. ಧನುರ್ಮಾಸದ ಬೆಳಗ್ಗೆ ಬಾಟಲಿಯಿಂದ ಇಳಿಯದ ಎಣ್ಣೆ ಬುಷ್‌ನ ಸಂದಿಯಲ್ಲಿ ಜಾರಿಸೀತೇ?

ಇನ್ನು ಆ ತುಕ್ಕಿನ ಸ್ಪ್ರೇ. ಎಲ್ಲರೂ ಹೆಸರು ಹೇಳುವ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಹೆಸರಿನ ಅರ್ಥವೇ ‘ನೀರು ಓಡಿಸುವುದು, 40ನೇ ಪ್ರಯತ್ನ’ ಎಂದು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಂತೆ ಬಳಸಿದ ದ್ರವ ಅದು. ತುಕ್ಕು ಹಿಡಿದ ನಟ್ಟು ಬಿಡಿಸಲು, ಒದ್ದೆಯಾದ ಕಡೆ ನೀರು ಓಡಿಸಲು ಒಳ್ಳೆಯ ಸಾಮಾನು, ನನ್ನ ಗ್ಯಾರೇಜಿನಲ್ಲೂ ಇದೆ. ಆದರೆ ಈ ಜಾತಿಯ ಸ್ಪ್ರೇಗಳಲ್ಲಿ ಜಾಸ್ತಿ ಪಾಲು ಆರಿಹೋಗುವ ದ್ರಾವಕ. ಅದು ಆರಿದ ಮೇಲೆ ಉಳಿಯುವುದು ತೆಳು ಎಣ್ಣೆಯ ಪದರ. ಅದಕ್ಕೆ ನಮ್ಮ ಮಣ್ಣಿನ ದಾರಿ, ಹೆದ್ದಾರಿ 66ರ ಧೂಳು ಎರಡೂ ಅಂಟಿಕೊಂಡರೆ ಹತ್ತು ದಿನ ಬಾಳಿದ್ದೇ ಹೆಚ್ಚು. ಮೊದಲೇ ಅಲ್ಲಿ ಸ್ವಲ್ಪ ಗ್ರೀಸ್ ಇದ್ದರೆ ಅದನ್ನೂ ತೊಳೆದು ಹಾಕಿರುತ್ತದೆ. ಮೊದಲಿಗಿಂತ ಜಾಸ್ತಿ ಅನ್ನಿಸುವುದು ನಿಮ್ಮ ಭ್ರಮೆಯಲ್ಲ.

ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಏನು ಮಾಡುತ್ತದೆಂದು ನಮ್ಮಲ್ಲಿ ಕಲಿಯಲು ಬರುವ ಹುಡುಗರಿಗೆ ಬಾಯಲ್ಲಿ ಹೇಳುವುದು ಬಿಟ್ಟಿದ್ದೇನೆ. ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ಸೀಮೆಎಣ್ಣೆ ತುಂಬಿದ ಬಾಟಲಿ ಮುಚ್ಚಳದಲ್ಲಿ ರಾತ್ರಿ ಮುಳುಗಿಸಿಡಿ, ಇನ್ನೊಂದು ಹೊರಗಿರಲಿ. ಬೆಳಗ್ಗೆ ಪಕ್ಕಪಕ್ಕ ಇಟ್ಟು ನೋಡಿ. ಮುಳುಗಿದ್ದು ಉಬ್ಬಿ, ಉದ್ದವಾಗಿ, ಬೆರಳಲ್ಲಿ ಹಿಡಿದರೆ ಮೆತ್ತಗೆ ಇರುತ್ತದೆ. ಎಳೆದರೆ ಸುಲಭವಾಗಿ ತುಂಡಾಗುತ್ತದೆ. ಎಂಜಿನ್ ಆಯಿಲ್, ಡೀಸೆಲ್, ಮಾಮೂಲಿ ಗ್ರೀಸ್ ಇವೆಲ್ಲ ಇದನ್ನೇ ನಿಧಾನವಾಗಿ ಮಾಡುತ್ತವೆ. ಒಂದು ಸಲ ಸ್ಪ್ರೇ ಬಿದ್ದ ಮಾತ್ರಕ್ಕೆ ನಿಮ್ಮ ಬುಷ್ ಕರಗಿ ಹೋಗುವುದಿಲ್ಲ, ಹೆದರಬೇಡಿ. ತಿಂಗಳು ತಿಂಗಳು ಹೊಡೆಸುವುದು ಮಾತ್ರ ಬೇಡ.

ಹಾಗಾದರೆ ‘ಗ್ರೀಸ್ ಹೊಡೆಸಿದರೆ ಸರಿಯಾಗುತ್ತದೆ’ ಎಂಬ ನಂಬಿಕೆ ಬಂದದ್ದು ಎಲ್ಲಿಂದ? ಸುಳ್ಳಿನಿಂದಲ್ಲ, ಹಳೆಯ ನಿಜದಿಂದ. ಅಂಬಾಸಡರ್ ಮತ್ತು ಹಳೇ ಜೀಪುಗಳ ಅಡಿಯಲ್ಲಿ ಅಲ್ಲಲ್ಲಿ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿಗಳು ಇರುತ್ತಿದ್ದವು. ಪ್ರತಿ ಸರ್ವಿಸ್‌ಗೆ ಗನ್ನಿನಿಂದ ತುಂಬಿಸುವುದು ಕಡ್ಡಾಯವಾಗಿತ್ತು. ಪಟ್ಟಿ ಸ್ಪ್ರಿಂಗಿನ ಎಲೆಗಳ ನಡುವೆಯೂ ಎಣ್ಣೆ ಬಿಡುತ್ತಿದ್ದರು. ನಾನು ಕೆಲಸ ಕಲಿತದ್ದೂ ಹಾಗೆಯೇ. ಈಗಿನ ಸಣ್ಣ ಕಾರುಗಳಲ್ಲಿ ಆ ನಿಪ್ಪಲ್‌ಗಳು ಹೋಗಿ ಮುಚ್ಚಿದ ಜಾಯಿಂಟ್‌ಗಳು, ರಬ್ಬರ್ ಬುಷ್‌ಗಳು ಬಂದಿವೆ. ಗ್ರೀಸ್ ತುಂಬಲು ದಾರಿಯೇ ಇಲ್ಲ. ಆದರೂ ಮಳೆಗಾಲಕ್ಕೆ ಮೊದಲು ಅಡಿಭಾಗಕ್ಕೆಲ್ಲ ಹಳೇ ಎಂಜಿನ್ ಆಯಿಲ್, ಡೀಸೆಲ್ ಕಲಸಿ ಸ್ಪ್ರೇ ಮಾಡಿಸುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ರಬ್ಬರ್ ಹಾಳಾಗುವುದು ಒಂದು, ಬ್ರೇಕಿಗೆ ತಾಗಿದರೆ ಇನ್ನೊಂದು. ಜತೆಗೆ ಬಳಸಿದ ಆಯಿಲ್ ಕಾನೂನಿನ ಲೆಕ್ಕದಲ್ಲೇ ಅಪಾಯಕಾರಿ ತ್ಯಾಜ್ಯ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಕಾರಿನಡಿ ಬಳಿದ ಎಣ್ಣೆ ಅಲ್ಲೇ ಕೂತಿರುತ್ತದೆಯೇ? ಮುರಕಲ್ಲಿನ (ಜಂಬಿಟ್ಟಿಗೆಯ) ನೆಲಕ್ಕೆ ಇಳಿದರೆ ಮುಂದೆ ಬಾವಿ, ಗುಡ್ಡ ಕೊರೆದು ನೀರು ತೆಗೆಯುವ ಸುರಂಗ.

ಈಗ ನಿಮ್ಮ ಕಾರಿಗೆ ಬರೋಣ. ಎಣ್ಣೆಯ ಡಬ್ಬಿ ಕೊಳ್ಳುವ ಮೊದಲು ಜಾಗ ಹಿಡಿಯಬೇಕು. ಇದಕ್ಕೆ ಮಳೆ ಹೇಳಿಕೊಟ್ಟ ಉಪಾಯವೇ ಸಾಕು. ಒಣ ದಿನ ನೋಡಿ ಕಾರನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ, ತಣ್ಣಗಾಗಲು ಬಿಡಿ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟರೆ ಚಕ್ರದ ಹಿಂದಿನಿಂದ ಒಳಗೆ ನೋಡಲು, ಕೈ ತೂರಿಸಲು ಜಾಗ ಸಿಗುತ್ತದೆ. ಒಬ್ಬರು ಮುಂದಿನ ಎಡಮೂಲೆಯನ್ನು ಮೇಲಿನಿಂದ ಒತ್ತಿ ಒತ್ತಿ ಬಿಡಲಿ. ಪಾಪ, ಈ ಕೆಲಸಕ್ಕೆ ಮನೆಯಲ್ಲಿ ಭಾರ ಜಾಸ್ತಿ ಇರುವವರನ್ನೇ ಕರೆಯಬೇಕು. ನೀವು ಅಡಿಕೆಗೆ ಬೋರ್ಡೋ ಮದ್ದು ಸ್ಪ್ರೇ ಮಾಡುವ ಪೈಪಿನ ಒಂದು ಮೀಟರ್ ಹಳೇ ತುಂಡು ತೆಗೆದುಕೊಂಡು, ತೊಳೆದು, ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಬುಷ್‌ಗಳ ಹತ್ತಿರ ಒಂದೊಂದಾಗಿ ಹಿಡಿಯಿರಿ. ವೈದ್ಯರ ಸ್ಟೆಥೋಸ್ಕೋಪಿನ ಕೆಲಸವೇ. ಬರಿಗಿವಿಗೆ ‘ಎಲ್ಲೋ ಎಡಗಡೆ’ ಎಂದು ಕೇಳುವ ಸದ್ದು ಪೈಪಿನಲ್ಲಿ ‘ಇದೇ’ ಎಂದು ಕೇಳುತ್ತದೆ.

ಸಂಶಯ ಬಂದ ಜಾಗಕ್ಕೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಬರೀ ನೀರು ಹೊಡೆಯಿರಿ. ಒಂದು ಸಲಕ್ಕೆ ಒಂದೇ ಜಾಗ. ಮತ್ತೆ ಒತ್ತಿಸಿ ನೋಡಿ. ನಿಲ್ಲದಿದ್ದರೆ ಮುಂದಿನ ಜಾಗ. ಎಲ್ಲ ಕಡೆಗೂ ಒಟ್ಟಿಗೆ ಹೊಡೆದರೆ ಯಾವುದರಿಂದ ನಿಂತಿತೆಂದು ಗೊತ್ತಾಗದೆ ಒಂದು ದಿನ ಒಣಗಲು ಕಾಯಬೇಕಾಗುತ್ತದೆ. ನಿಮ್ಮ ಮೆಕ್ಯಾನಿಕ್ ಸ್ಪ್ರೇ ಹೊಡೆದು ಮಾಡಿದ್ದು ಇದೇ ತಪ್ಪು. ಸದ್ದು ನಿಂತಿತು, ಜಾಗ ಮಾತ್ರ ಸಿಗಲಿಲ್ಲ.

ನನ್ನ ಮೊದಲ ಸಂಶಯ ಸ್ಟೆಬಿಲೈಜರ್ ಬಾರ್‌ನ ಬುಷ್ ಮೇಲೆ. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಹೋಗುವ ದಪ್ಪ ಸರಳು ಅದು, ತಿರುವಿನಲ್ಲಿ ಕಾರು ಒಂದು ಬದಿಗೆ ವಾಲದಂತೆ ತಡೆಯುತ್ತದೆ. ಎರಡು ಕಡೆ ಅದನ್ನು ಹಿಡಿದಿಡುವ ರಬ್ಬರ್ ತುಂಡು ಡಿ ಅಕ್ಷರದ ಆಕಾರದಲ್ಲಿರುವುದರಿಂದ ಡಿ ಬುಷ್ ಅನ್ನುತ್ತೇವೆ. ಚಕ್ರ ಏರಿ ಇಳಿದಾಗ ಸರಳು ಅದರೊಳಗೆ ತಿರುಗುತ್ತದೆ. 80,000 ಕಿಲೋಮೀಟರಿಗೆ ರಬ್ಬರ್ ಗಟ್ಟಿಯಾಗಿ, ಸಂದಿಗೆ ಕೆಂಪು ಮಣ್ಣು ಹೊಕ್ಕರೆ ನೀವು ಬರೆದ ಸದ್ದೇ. ಅಂಗಳದಿಂದ ಓರೆಯಾಗಿ ಇಳಿಸುವಾಗ ಬರುತ್ತದೆ ಎಂದದ್ದೂ ಹೊಂದುತ್ತದೆ, ಒಂದು ಚಕ್ರ ಮೇಲೆ ಇನ್ನೊಂದು ಕೆಳಗೆ ಇರುವಾಗ ಆ ಸರಳಿಗೆ ಕೆಲಸ ಜಾಸ್ತಿ. ಕೆಲವು ಚಿಕ್ಕ ಕಾರುಗಳಲ್ಲಿ ಈ ಬಾರ್ ಇರುವುದೇ ಇಲ್ಲ. ಹಾಗಿದ್ದರೆ ನೇರ ಲೋವರ್ ಆರ್ಮ್ ನೋಡಿ.

ಡಿ ಬುಷ್ ಎಂದು ಖಚಿತವಾದರೆ, ಹೌದು, ಸ್ಪ್ರೇಯಿಂದ ನೀವೇ ಪ್ರಯತ್ನಿಸಬಹುದು. ಬೇಕಾದದ್ದು ಸಿಲಿಕಾನ್ ಸ್ಪ್ರೇ. ಡಬ್ಬಿಯ ಮೇಲೆ ರಬ್ಬರಿಗೆ ಆಗುತ್ತದೆ ಎಂದು ಬರೆದಿರಬೇಕು. ಅಂಗಡಿಯವರು ಒಮ್ಮೊಮ್ಮೆ ಡ್ಯಾಶ್‌ಬೋರ್ಡ್ ಪಾಲಿಶ್ ಕೊಟ್ಟು ‘ಇದೂ ಸಿಲಿಕಾನೇ’ ಅನ್ನುತ್ತಾರೆ. ಅದು ಹೊಳಪಿಗೆ, ಇದಕ್ಕಲ್ಲ. ಮೊದಲು ಹಳೇ ಹಲ್ಲುಜ್ಜುವ ಬ್ರಶ್, ನೀರಿನಿಂದ ಮಣ್ಣು ತೆಗೆದು ಒಣಗಿಸಿ. ಮಣ್ಣಿನ ಮೇಲೆ ಹೊಡೆದರೆ ಸುಮ್ನೆ ಡಬ್ಬಿ ದಂಡ. ಡಬ್ಬಿಯ ನಳಿಗೆ ಗಿಡ್ಡವಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ಪಿನ ಪೈಪು ತುಂಡು ಮಾಡಿ, ನಳಿಗೆಯನ್ನು ಅದರೊಳಗೆ ತೂರಿಸಿ, ಟೇಪು ಸುತ್ತಿ. ಪೈಪಿನ ಬೆನ್ನಿಗೆ ತೆಳ್ಳಗಿನ ಕಬ್ಬಿಣದ ತಂತಿ ಕಟ್ಟಿದರೆ ಬೇಕಾದ ಹಾಗೆ ಬಾಗಿಸಿ ನಿಲ್ಲಿಸಬಹುದು. ಸರಳು ರಬ್ಬರಿನೊಳಗೆ ಹೋಗುವ ಎರಡೂ ಅಂಚಿಗೆ ಚೂರು ಚೂರು ಹೊಡೆದು, ಕಾರನ್ನು ಒತ್ತಿಸಿ, ಮತ್ತೆ ಹೊಡೆಯಿರಿ. ಒತ್ತುವಾಗಲೇ ಒಳಗೆ ಎಳೆದುಕೊಳ್ಳುವುದು.

ಒಂದೆರಡು ಎಚ್ಚರ. ಈ ಸ್ಪ್ರೇಗಳು ಬೆಂಕಿ ಹಿಡಿಯುತ್ತವೆ, ಸೈಲೆನ್ಸರ್ ಪೈಪು ಬಿಸಿ ಇರುವಾಗ ಹೊಡೆಯಬೇಡಿ. ಬ್ರೇಕ್ ಡಿಸ್ಕಿಗೆ ಹಳೇ ಬಟ್ಟೆ ಅಡ್ಡ ಹಿಡಿಯಿರಿ. ಬ್ರೇಕಿಗೆ ತಾಗಿತು ಎಂಬ ಸಂಶಯ ಬಂದರೂ ಬ್ರೇಕ್ ಕ್ಲೀನರ್ ಹಾಕಿ ಡಿಸ್ಕ್ ತೊಳೆಯದೆ ಗಾಡಿ ಹೊರಡಿಸಬೇಡಿ. ಪ್ಯಾಡ್ ಎಣ್ಣೆ ಕುಡಿದರೆ ಅದನ್ನು ಬದಲಿಸುವುದೇ ಸರಿ. ಪೈಂಟ್ ಮಾಡಿಸುವ ಯೋಚನೆ ಇದ್ದರೆ ಸಿಲಿಕಾನ್ ಬಾಡಿಗೆ ಹಾರದಂತೆ ನೋಡಿಕೊಳ್ಳಿ, ಆ ಜಾಗದಲ್ಲಿ ಪೈಂಟ್ ಹಿಡಿಯದೆ ಗುಳ್ಳೆ ಗುಳ್ಳೆಯಾಗುತ್ತದೆ.

ಹೀಗೆ ಹೊಡೆದದ್ದು ಎಷ್ಟು ದಿನ? ಬೇಸಗೆಯಲ್ಲಿ ಒಂದೆರಡು ತಿಂಗಳು ಬಂದರೆ ಲಾಭ. ಆಷಾಢದಲ್ಲಿ ಅಷ್ಟೂ ಇಲ್ಲ. ಶಾಶ್ವತ ಕೆಲಸ ಎಂದರೆ ಬುಷ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟ್ ಬಿಚ್ಚಿ, ಹಳೇ ರಬ್ಬರನ್ನು ತೆಗೆದು, ಹೊಸದು ಹಾಕುವುದು. ಹೊಸ ಬುಷ್‌ಗೆ ಸಿಲಿಕಾನ್ ಗ್ರೀಸ್ ಹಚ್ಚಬೇಕೇ, ಒಣದಾಗಿಯೇ ಕೂರಿಸಬೇಕೇ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕೆಲವದರಲ್ಲಿ ರಬ್ಬರ್ ಸರಳಿಗೆ ಅಂಟಿಕೊಂಡೇ ಬರುತ್ತದೆ, ಅಲ್ಲಿ ಎಣ್ಣೆಗೆ ಕೆಲಸವೇ ಇಲ್ಲ. ಬುಷ್ ಬೆಲೆ ನೂರರ ಲೆಕ್ಕದ್ದು, ಸಾವಿರದ್ದಲ್ಲ. ಕೈ ಹೋಗದ ಜಾಗವಾದ್ದರಿಂದ ಕೂಲಿ ಅದಕ್ಕಿಂತ ಜಾಸ್ತಿಯಾಗಬಹುದು.

ಎರಡನೇ ಸಂಶಯ ಲೋವರ್ ಆರ್ಮ್‌ನ ಬುಷ್. ಸರ್ವಿಸ್ ಸೆಂಟರಿನವರು ಹೇಳಿದ್ದು ತಪ್ಪೆಂದು ನಾನು ಹೇಳಲಾರೆ, ಆದರೆ ಯಾವುದನ್ನು ನೋಡಿ ಹೇಳಿದರು ಎಂದು ಕೇಳಬೇಕು. ಈ ಬುಷ್‌ನಲ್ಲಿ ರಬ್ಬರ್ ಒಳಗಿನ ಹೊರಗಿನ ಕಬ್ಬಿಣದ ಕೊಳವೆಗಳಿಗೆ ಬೆಸೆದಿರುತ್ತದೆ. ಅದು ಜಾರುವುದಿಲ್ಲ, ತಿರುಚುತ್ತದೆ. ಜಾರದ ಕಡೆ ಎಣ್ಣೆ ಏನು ಮಾಡೀತು? ಇಲ್ಲಿ ಸದ್ದು ಬಂತೆಂದರೆ ಹೆಚ್ಚಾಗಿ ಬೆಸುಗೆ ಬಿಟ್ಟಿದೆ ಅಥವಾ ರಬ್ಬರ್ ಸೀಳಿದೆ ಎಂದರ್ಥ. ಟಾರ್ಚ್ ಹಾಕಿದರೆ ಬಿರುಕು ಕಾಣುತ್ತದೆ, ಸೀಳು ಜಾಸ್ತಿಯಾದರೆ ‘ಕಿರ್‌ರ್’ ಹೋಗಿ ಬ್ರೇಕ್ ಹಾಕುವಾಗ ‘ಟಕ್’ ಬರುತ್ತದೆ.

ಇನ್ನೊಂದು ವಿಷಯ ಕೇಳಬೇಕಿತ್ತು: ಕಳೆದ ಒಂದೆರಡು ವರ್ಷದಲ್ಲಿ ಈ ಭಾಗ ಬಿಚ್ಚಿಸಿದ್ದೀರಾ? ಕಾರನ್ನು ಲಿಫ್ಟಿಗೆ ಏರಿಸಿ, ಚಕ್ರ ನೇತಾಡುತ್ತಿರುವಾಗಲೇ ಆರ್ಮ್‌ನ ಬೋಲ್ಟ್ ಪೂರ್ತಿ ಬಿಗಿಯುವುದು ತುಂಬಾ ಕಡೆ ಆಗುವ ತಪ್ಪು. ಆ ಸ್ಥಿತಿಯಲ್ಲಿ ಬಿಗಿದರೆ, ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಹೊಸ ಬುಷ್ ಕೂಡ ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಬೋಲ್ಟ್ ಸಡಿಲಿಸಿ, ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಮತ್ತೆ ಬಿಗಿದದ್ದರಿಂದಲೇ ನಿಂತ ಸದ್ದುಗಳನ್ನು ನಾನು ನೋಡಿದ್ದೇನೆ. ಒಂದು ಹನಿ ಎಣ್ಣೆ ಬೇಕಾಗಿಲ್ಲ.

ಮೂರನೆಯದು ಬಾಲ್ ಜಾಯಿಂಟ್. ಅಪಾಯ ಇದೆಯೇ ಎಂದು ಕೇಳಿದಿರಲ್ಲ, ಅದರ ಉತ್ತರ ಇಲ್ಲಿದೆ. ಲೋವರ್ ಆರ್ಮನ್ನು ಚಕ್ರದ ಕಡೆಗೆ ಹಿಡಿದಿರುವುದು ಒಂದು ಗುಂಡು, ಒಂದು ಬಟ್ಟಲು, ಮೇಲೊಂದು ರಬ್ಬರ್ ಬೂಟ್, ಅಂದರೆ ಅದನ್ನು ಮುಚ್ಚುವ ರಬ್ಬರ್ ಚೀಲ. ಬೂಟ್ ಹರಿದರೆ ಗ್ರೀಸ್ ಹೊರಗೆ, ನೀರು ಮಣ್ಣು ಒಳಗೆ. ಒಣಗಿದ ಬಾಲ್ ಜಾಯಿಂಟ್ ಸಾಮಾನ್ಯವಾಗಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೂ ಕೂಗುತ್ತದೆ. ನಿಮ್ಮದು ಕೂಗುವುದಿಲ್ಲ, ಹಾಗಾಗಿ ಇದರ ಸಂಭವ ಕಡಿಮೆ. ಆದರೂ ಬೂಟ್ ನೋಡದೆ ಬಿಡಬೇಡಿ.

ಕೆಲವರು ಸಿರಿಂಜಿಗೆ ಗ್ರೀಸ್ ತುಂಬಿ ಬೂಟ್‌ನೊಳಗೆ ಚುಚ್ಚುತ್ತಾರೆ. ನಾನೂ ಮಾಡಿದ್ದೇನೆ. ಗ್ಯಾರೇಜ್ ತೆರೆದ ಹೊಸತರಲ್ಲಿ ಪರಿಚಯದ ಮಾಸ್ತರೊಬ್ಬರ ಕಾರಿಗೆ ಹಾಗೆ ಚುಚ್ಚಿ, ಸದ್ದು ನಿಂತಿತೆಂದು ಹೆಮ್ಮೆಯಿಂದ ಕಳಿಸಿದ್ದೆ. ಎರಡು ತಿಂಗಳಾದ ಮೇಲೆ ಫೋನ್ ಬಂತು. ಹೋಗಿ ನೋಡಿದರೆ ಮನೆಯ ಗೇಟಿನ ಎದುರೇ ಕಾರು ಮಂಡಿಯೂರಿತ್ತು. ಮುಂದಿನ ಚಕ್ರ ಹೊರಕ್ಕೆ ಮಗುಚಿ ಅಡ್ಡ ಬಿದ್ದಿತ್ತು, ಮಡ್‌ಗಾರ್ಡ್ ಅದರ ಮೇಲೆ ಕೂತಿತ್ತು. ಹಿಂದಕ್ಕೆ ತೆಗೆಯುವಾಗ ಆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಬಟ್ಟಲು ಆಗಲೇ ತೇಯ್ದು ಸಡಿಲವಾಗಿತ್ತು. ಕೂಗಿ ಹೇಳುತ್ತಿದ್ದ ಅದರ ಬಾಯಿಗೆ ನಾನು ಗ್ರೀಸ್ ತುರುಕಿದ್ದೆ. ಅವತ್ತಿನಿಂದ ಸಿರಿಂಜ್ ಹಿಡಿದರೆ ಪತ್ತೆ ಮಾಡಲು ಮಾತ್ರ: ಗ್ರೀಸ್ ಚುಚ್ಚಿದಾಗ ಸದ್ದು ನಿಂತರೆ ಜಾಯಿಂಟ್ ಅದೇ ಎಂದು ತಿಳಿದು, ಗಾಡಿ ಅಲ್ಲೇ ಇಟ್ಟುಕೊಂಡು ಹೊಸದು ಹಾಕುತ್ತೇನೆ.

ಬೂಟ್ ನೋಡಲು ಕಾರಿನಡಿ ನುಗ್ಗಬೇಕೆಂದಿಲ್ಲ. ಚಕ್ರ ತಿರುಗಿಸಿಟ್ಟು, ಮೊಬೈಲಿನ ಟಾರ್ಚ್ ಹಾಕಿ ಒಳಗೆ ಹಿಡಿದು ವಿಡಿಯೊ ತೆಗೆಯಿರಿ. ಜಾಕಿ ಏರಿಸಲೇಬೇಕಾದರೆ ಮಳೆಗಾಲದ ಅಂಗಳದಲ್ಲಿ ಅದರ ಅಡಿಗೆ ದಪ್ಪ ಹಲಗೆ ಕೊಡಿ, ಇಲ್ಲದಿದ್ದರೆ ಮಣ್ಣಿಗಿಳಿಯುತ್ತದೆ. ಜಾಕಿಯ ಮೇಲೆ ನಿಂತ ಕಾರಿನಡಿಗೆ ದೇಹದ ಯಾವ ಭಾಗವೂ ಹೋಗಬಾರದು. ಮುರಕಲ್ಲು ಒಟ್ಟಿ ಆಸರೆ ಕೊಡುವ ಅಭ್ಯಾಸ ನಮ್ಮ ಕಡೆ ಇದೆ. ಗೋಡೆಗೆ ಅದು ಗಟ್ಟಿ, ನಿಜ. ಆದರೆ ಕಾರಿನ ಭಾರ ಒಂದೇ ಅಂಚಿನ ಮೇಲೆ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ.

ನೀವು ಕೇಳದ ಒಂದೆರಡು ಮಾತು, ಸಿಲಿಕಾನ್ ಡಬ್ಬಿ ಕೈಗೆ ಬಂದ ಮೇಲೆ ಸುಮ್ಮನಿರುವುದು ಕಷ್ಟ ಎಂದು. ಬಾಗಿಲಿನ ಸುತ್ತಲಿನ ರಬ್ಬರಿಗೆ, ಗ್ಲಾಸ್ ಇಳಿಯುವ ಸಂದಿಗೆ ಧಾರಾಳ ಹಚ್ಚಿ. ಬಾಗಿಲ ತಿರುಗಣಿ, ಬಾಗಿಲು ಹಿಡಿದು ನಿಲ್ಲಿಸುವ ಪಟ್ಟಿ, ಸೀಟಿನ ಹಳಿ, ಇವು ಕಬ್ಬಿಣ, ಬಿಳಿ ಲಿಥಿಯಂ ಗ್ರೀಸ್ ಸರಿ. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಕೈ ಹಚ್ಚಬೇಡಿ. ಕ್ಲಚ್ ಪೆಡಲ್ ಕೂಗಿದರೆ ಅದರ ಮೇಲ್ತುದಿಗೆ ಸ್ಪ್ರೇ ಬೇಡ, ಉದ್ದ ಬ್ರಶ್ಶಿನಲ್ಲಿ ಗ್ರೀಸ್ ಮುಟ್ಟಿಸಿ. ಸ್ಪ್ರೇ ತೊಟ್ಟಿಕ್ಕಿ ಬ್ರೇಕ್ ಪೆಡಲ್ ಜಾರುವಂತಾದರೆ ಗೊತ್ತಾಗುವುದು ಬ್ರೇಕ್ ಒತ್ತಿದಾಗಲೇ. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಬೆಲ್ಟ್ ಕೂಗಿದರೆ ಅದಕ್ಕೆ ಯಾವ ಎಣ್ಣೆಯೂ ಬೇಡ. ಅಲ್ಲಿ ಹಿಡಿತ ಬೇಕು, ಜಾರುವುದೇ ರೋಗ. ಮಳೆಗಾಲದ ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ‘ಕರಕರ’ ಬಂದರೆ ಡಿಸ್ಕಿನ ಮೇಲಿನ ತೆಳು ತುಕ್ಕು, ತಾನಾಗಿ ಹೋಗುತ್ತದೆ. ಹೋಗದೆ ದಿನವಿಡೀ ಕೂಗಿದರೆ ಪ್ಯಾಡ್ ತೋರಿಸಿ.

ಈಗ ಕ್ರಮ ಹೇಳುತ್ತೇನೆ. ಮೊದಲು ಬೂಟ್. ಅದು ಹರಿದಿದ್ದರೆ ಅಥವಾ ಜಾಯಿಂಟ್ ಸಡಿಲ ಇದ್ದರೆ ಪುತ್ತೂರು, ಮಂಗಳೂರು ಎಂದು ದೂರ ಹೋಗಬೇಡಿ, ಹತ್ತಿರದ ಗ್ಯಾರೇಜಿಗೆ ನಿಧಾನ ಹೋಗಿ ಬಾಲ್ ಜಾಯಿಂಟ್ ಬದಲಿಸಿ. ಬೂಟ್ ಸರಿ ಇದ್ದರೆ ನೀರಿನ ಪರೀಕ್ಷೆ. ಡಿ ಬುಷ್ ಆದರೆ ಈ ಬೇಸಗೆಗೆ ಸಿಲಿಕಾನ್ ಸಾಕು, ಮುಂದಿನ ಮಳೆಗಾಲದೊಳಗೆ ಬುಷ್ ಬದಲಿಸಿ. ಸದ್ದು ಸಹಿಸುವ ಶಕ್ತಿ ಇದ್ದರೆ ಅದನ್ನೂ ಅವಸರ ಮಾಡಬೇಕಾಗಿಲ್ಲ, ಡಿ ಬುಷ್ ಕೂಗಿದ ಮಾತ್ರಕ್ಕೆ ಚಕ್ರ ಬೀಳುವುದಿಲ್ಲ. ಲೋವರ್ ಆರ್ಮ್ ಬುಷ್ ಸೀಳಿದ್ದೇ ನಿಜವಾದರೆ, ಬುಷ್ ಮಾತ್ರ ಒತ್ತಿ ಕೂರಿಸಲು ಸಿಗುತ್ತದೆಯೇ ಎಂದು ಕೇಳಿ. ಕೆಲವು ಕಾರಿಗೆ ಸಿಗುತ್ತದೆ, ಕೆಲವಕ್ಕೆ ಇಡೀ ಆರ್ಮ್ ಹಾಕಲೇಬೇಕು. ಬಾಲ್ ಜಾಯಿಂಟ್ ಆರ್ಮ್‌ಗೇ ಸೇರಿಕೊಂಡು ಬರುವ ಕಾರಾದರೆ 82,000 ಕಿಲೋಮೀಟರಿಗೆ ಪೂರ್ತಿ ಆರ್ಮ್ ಹಾಕಿಸುವುದೇ ನನಗೆ ಸರಿ ಕಾಣುತ್ತದೆ. ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಂಡು ಸೀಳು ಎಲ್ಲಿದೆ ನೋಡಿ. ಕೊನೆಯ ಬಿಗಿತ ಚಕ್ರ ನೆಲದ ಮೇಲಿರುವಾಗ ಮಾಡುತ್ತೀರಾ ಎಂದು ಮೊದಲೇ ಕೇಳಿ. ಆರ್ಮ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಲೇಬೇಕು, ಅಂದಾಜು ಬಿಲ್ಲಿನಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ.